ಯಾವ ಮುಖಾರಿ?

ಸಂಗೀತ ಸಮ್ಮೇಳನದಲ್ಲಿ ಪ್ರಬಂಧ ಓದೋದು ಕಚೇರಿ ಮಾಡಿದ ಹಾಗಲ್ಲ. ಕಚೇರಿಯಲ್ಲಿ ಒಂದು ಸ್ವರ ಜಾರಿದರೆ ರಸಿಕರು ಕ್ಷಮಿಸಿಬಿಡ್ತಾರೆ. ಇಲ್ಲಿ ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಒಂದು ಇಸವಿ ತಪ್ಪಿದರೂ ಬಿಡೋದಿಲ್ಲ! ಮದರಾಸಿನ ಮ್ಯೂಸಿಕ್ ಅಕಾಡೆಮಿ ಹುಟ್ಟಿದ್ದು 1928ರಲ್ಲಿ. ಬೆಳಿಗ್ಗೆ ಚರ್ಚೆ, ಸಂಜೆ ಕಚೇರಿ ಅನ್ನೋ ಡಿಸೆಂಬರ್ ಪದ್ಧತಿ ಈಗ ಎಲ್ಲರಿಗೂ ಗೊತ್ತಿರೋದೇ. ಅಂಥದ್ದೇ ಒಂದು ಸಮ್ಮೇಳನದಲ್ಲಿ ನನಗೂ ಅರ್ಧ ಗಂಟೆ ಸಿಕ್ಕಿತ್ತು.

ನನ್ನ ವಿಷಯ ಮುಖಾರಿ ರಾಗ. ವಿಜಯನಗರದ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ 'ಸ್ವರಮೇಳಕಲಾನಿಧಿ' ಬರೆದ. ಅವನ ಮೇಳಗಳಲ್ಲಿ ಮೊದಲನೆಯದೇ ಮುಖಾರಿ, ಎಲ್ಲವೂ ಶುದ್ಧಸ್ವರ. ಈಗಿನ ಲೆಕ್ಕದಲ್ಲಿ ಅದು ಕನಕಾಂಗಿ! ನಾವು ಇವತ್ತು ಹಾಡುವ ಮುಖಾರಿಯೋ, ಖರಹರಪ್ರಿಯದ ಜನ್ಯ. ಹೆಸರು ಒಂದೇ, ಸ್ವರ ಬೇರೆ. ಪುರಂದರದಾಸರು 1564ರಲ್ಲಿ ತೀರಿಕೊಂಡರು ಅಂತ ಸಂಪ್ರದಾಯ ಹೇಳುತ್ತೆ. ಅಂದರೆ ಇಬ್ಬರೂ ಒಂದೇ ಕಾಲದವರು. ಹಾಗಾಗಿ ದಾಸರ ಪದದ ಮೇಲೆ 'ಮುಖಾರಿ' ಅಂತ ಬರೆದಿದ್ದರೆ ಅದು ಹಳೇ ಮುಖಾರಿಯೇ ಅಂತ ನಾನು ಕೊನೆಯ ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೆ. ಸರಟೋಗಾ ಲೈಬ್ರರಿಯಲ್ಲಿ, ಪಕ್ಕದ ಹಣ್ಣಿನ ತೋಟ ನೋಡ್ತಾ ಕೂತು ಬರೆದ ಸ್ಲೈಡು. ನನಗಂತೂ ಬಹಳ ಹೆಮ್ಮೆ :)

ಹೊರಡುವ ಮುಂಚೆ ಮನೆಯಲ್ಲೇ ನಾಲ್ಕು ಜನರ ಮುಂದೆ ಒಂದು ತಾಲೀಮು ನಡೀತು. ಎರಡೂ ಮುಖಾರಿ ಹಾಡಿ ತೋರಿಸಿದೆ. ಮೈಸೂರಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಎಲ್ಲಾ ಕೇಳಿ, "ಹಾಗಾದ್ರೆ ನಮ್ಮಮ್ಮ ಹೇಳಿಕೊಟ್ಟಿದ್ದು ತಪ್ಪೇನಪ್ಪಾ?" ಅಂದರು. ಆಮೇಲೆ ಇನ್ನೊಂದು ಪ್ರಶ್ನೆ: "ಆ ಪದದ ಮೇಲೆ ಮುಖಾರಿ ಅಂತ ಬರೆದವರು ಯಾರು? ದಾಸರೇನಾ?"

ನಾನು ತಬ್ಬಿಬ್ಬಾದೆ. ಹೌದಲ್ಲ! ಮಂಗಳೂರಿನಲ್ಲಿ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸಿದ್ದು 1850ರ ಆಸುಪಾಸಿನಲ್ಲಿ. ನಡುವೆ ಸುಮಾರು ಮುನ್ನೂರು ವರ್ಷ. ಅಷ್ಟರಲ್ಲಿ ಪದಗಳು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಬಂದವು. ರಾಗದ ಹೆಸರು ಪ್ರತಿ ಮಾಡಿದವರ ಕಾಲದ್ದೂ ಆಗಿರಬಹುದು. ದಾಸರು ಸ್ವರ ಹಾಕಿ ಬರೆದಿಟ್ಟ ಮಟ್ಟು ನಮ್ಮ ಕೈಯಲ್ಲಿಲ್ಲ. ರಾಮಾಮಾತ್ಯನ ಮಾತು ಗಟ್ಟಿ, ಆದರೆ ಅಲ್ಲಿಂದ ದಾಸರ ಪದಕ್ಕೆ ನಾನು ಕಟ್ಟಿದ ಸೇತುವೆ ಟೊಳ್ಳು.

ಆವತ್ತು ರಾತ್ರಿಯೇ ಕೊನೆಯ ಸ್ಲೈಡು ತೆಗೆದೆ. ಅದರ ಬದಲು "ಶಾಸ್ತ್ರದಲ್ಲಿ ಮುಖಾರಿ ಬದಲಾಗಿದೆ, ಪದಗಳ ವಿಷಯದಲ್ಲಿ ಇಷ್ಟರಿಂದಲೇ ನಿರ್ಧರಿಸಲಾಗದು" ಅಂತ ಬರೆದೆ. ಸಪ್ಪೆ ಅನ್ನಿಸಿತು, ನಿಜ.

ಸಮ್ಮೇಳನದಲ್ಲಿ ಮುಂದಿನ ಸಾಲಿಂದ ಬಂದ ಮೊದಲ ಪ್ರಶ್ನೆ, "ದಾಸರು ಹಾಡಿದ್ದು ಯಾವ ಮುಖಾರಿ?"

"ಗೊತ್ತಿಲ್ಲ ಸಾರ್" ಅಂದೆ. ಅವರು ತಲೆಯಾಡಿಸಿ ನಕ್ಕರು. ಅಜ್ಜಿಗೆ ಊರಿಂದಲೇ ಫೋನು ಮಾಡಿ ಹೇಳಿದೆ: ನಿಮ್ಮಮ್ಮ ಹೇಳಿಕೊಟ್ಟಿದ್ದು ತಪ್ಪಲ್ಲ, ಹಾಗೇ ಹಾಡ್ತಿರಿ.