ಬದುವಿನ ಮರ ಮತ್ತು ಸೀಮಾವಿವಾದ

ಅಮ್ಮಸಂದ್ರದ ಸುತ್ತಣ ತೆಂಗಿನ ಸೀಮೆಯಲ್ಲಿ ಬದುವಿನ ಬಳಿ ನೆಟ್ಟ ಸಸಿಯು, ನೆಟ್ಟವನು ಗತಿಸಿದ ಮೇಲೆಯೂ ಉಳಿಯಬಲ್ಲುದು. ಅದರ ಬುಡ ಯಾರ ನೆಲದ್ದೆಂಬ ನೆನಪು ಮಾಸಿ, ಮರವು ಪಕ್ಕದ ತೋಟದತ್ತ ಬಾಗಿದಾಗ ವ್ಯಾಜ್ಯವೇಳುವುದು. ಇದು ಹೊಸ ಪ್ರಶ್ನೆಯಲ್ಲ.

ಯಾಜ್ಞವಲ್ಕ್ಯಸ್ಮೃತಿಯಲ್ಲಿ ಸೀಮಾವಿವಾದಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಅದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ದಿಬ್ಬ, ಇದ್ದಿಲು, ಹೊಟ್ಟು, ಮರ, ಹುತ್ತ ಮೊದಲಾದುವು ಸ್ಮೃತಿಯು ಹೇಳುವ ಎಲ್ಲೆಯ ಗುರುತುಗಳು. ಗುರುತು ಅಳಿದಲ್ಲಿ ನೆರೆಯವರಾದ ನಾಲ್ವರು, ಎಂಟು ಅಥವಾ ಹತ್ತು ಮಂದಿ ಕೆಂಪು ವಸ್ತ್ರವನ್ನೂ ಕೆಂಪು ಮಾಲೆಯನ್ನೂ ಧರಿಸಿ, ಮಣ್ಣನ್ನು ಹೊತ್ತು ಎಲ್ಲೆಯನ್ನು ತೋರಿಸಿಕೊಡಬೇಕು. ಎಲ್ಲೆಯ ನಡುವೆಯೇ ಬೆಳೆದ ಮರದ ಫಲಪುಷ್ಪಗಳು ಎರಡು ಹೊಲಗಳ ಒಡೆಯರಿಗೂ ಸೇರತಕ್ಕವೆಂದು ನಾರದಸ್ಮೃತಿಯು ವಿಧಿಸುವುದು.

1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ಎಲ್ಲೆಗುರುತುಗಳ ರಕ್ಷಣೆಯನ್ನು ಹಿಡುವಳಿದಾರನಿಗೇ ವಹಿಸಿದೆ. ಸಂದೇಹ ಬಂದಲ್ಲಿ ಸರ್ಕಾರಿ ಭೂಮಾಪಕರಿಂದ ಹದ್ದುಬಸ್ತು ಮಾಡಿಸಿಕೊಳ್ಳಬಹುದು. ಮರವು ಬಿದ್ದು ನೆರೆಯವರಿಗೆ ಅಪಾಯವಾಗುವಂತಿದ್ದರೆ ಅದನ್ನು ತೆಗೆಸಲು ಅಥವಾ ಅದಕ್ಕೆ ಆಸರೆ ಕೊಡಿಸಲು 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮೇರೆಗೆ ದಂಡಾಧಿಕಾರಿಯು ಆಜ್ಞಾಪಿಸಬಹುದು.

ಕಾಲ ಬದಲಾದರೂ ನಿರ್ಣಯದ ಕ್ರಮವು ಬದಲಾಗಿಲ್ಲವೆಂಬುದು ನಮ್ಮ ಅಭಿಪ್ರಾಯ: ಮೊದಲು ಎಲ್ಲೆ, ಅನಂತರ ಮರ. ಎಲ್ಲೆ ನಿಶ್ಚಯವಾಗದೆ ಕೊಡಲಿಯೆತ್ತಿದವನು ಪರರ ಸೊತ್ತನ್ನು ಕಡಿದು, ವಾದಿಯಾಗಬೇಕಾದಲ್ಲಿ ಪ್ರತಿವಾದಿಯಾದಾನು.