ದಾನಪತ್ರಕ್ಕೆ ರುಜು ಹಾಕುವ ಮುನ್ನ

ನನ್ನೊಡನೆ ಬಹುಕಾಲ ಉಪಾಧ್ಯಾಯವೃತ್ತಿಯಲ್ಲಿದ್ದ ಮಿತ್ರರೊಬ್ಬರು ನಿವೃತ್ತರಾದೊಡನೆಯೇ ತಮ್ಮ ಸ್ವಯಾರ್ಜಿತವಾದ ಮನೆಯನ್ನು ಒಬ್ಬನೇ ಮಗನಿಗೆ ದಾನಪತ್ರ ಮಾಡಿಕೊಟ್ಟರು. "ಎಂದಿದ್ದರೂ ಅವನದೇ ಅಲ್ಲವೇ?" ಎಂಬುದು ಅವರ ಮಾತು. ಸಾಕ್ಷಿಯ ರುಜು ಹಾಕಿದವನು ನಾನೇ. ಪತ್ರದಲ್ಲಿ ಪ್ರೀತಿವಿಶ್ವಾಸಗಳ ಉಲ್ಲೇಖವಿದ್ದಿತು. ಮಾತಾಪಿತೃಗಳ ಪೋಷಣೆಯ ವಿಷಯವಾಗಿ ಒಂದಕ್ಷರವೂ ಇರಲಿಲ್ಲ. ನಾಲ್ಕು ವರ್ಷಗಳೊಳಗಾಗಿ ಮಗನು ಮನೆಯನ್ನು ಮಾರಿ ಪರಸ್ಥಳವನ್ನು ಸೇರಿದನು. ವೃದ್ಧದಂಪತಿಗಳು ಈಗ ಬಾಡಿಗೆಯ ಕೊಠಡಿಯಲ್ಲಿದ್ದಾರೆ. ಪಿಂಚಣಿಯ ಬಹುಭಾಗವು ಬಾಡಿಗೆಗೂ ಆಕೆಯ ಮಧುಮೇಹದ ಔಷಧಕ್ಕೂ ಸಂದುಹೋಗುತ್ತದೆ.

ವಾಚಕಮಹಾಶಯರು ಇಲ್ಲಿ ಕಾನೂನಿನ ಸಂಗತಿಯನ್ನು ಅರಿತಿರಬೇಕು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ನೆಯ ಇಸವಿಯಲ್ಲಿ ಕೇಂದ್ರ ಶಾಸನವೊಂದು ಆಗಿದೆ. ಅದರ 23ನೆಯ ಕಲಮಿನ ಪ್ರಕಾರ, ಅರುವತ್ತು ವರ್ಷ ತುಂಬಿದವರು ತಮ್ಮನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತಿನ ಮೇಲೆ ಆಸ್ತಿಯನ್ನು ಕೊಟ್ಟಿದ್ದು, ಪಡೆದವನು ಆ ಷರತ್ತಿಗೆ ತಪ್ಪಿದರೆ, ನ್ಯಾಯಮಂಡಳಿಯು ಆ ದಾನವನ್ನು ರದ್ದುಪಡಿಸಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳೇ ಈ ಮಂಡಳಿಯ ಅಧ್ಯಕ್ಷರು. ಆದರೆ ಷರತ್ತು ಇದ್ದಿತೆಂಬುದು ಸಿದ್ಧವಾಗಬೇಕೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಮಗನು ದಾನಪತ್ರದ ದಿನವೇ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ ವಾಗ್ದಾನವನ್ನೂ 2025ರಲ್ಲಿ ಅದೇ ನ್ಯಾಯಾಲಯವು ಮನ್ನಿಸಿ, ತಾಯಿಗೆ ಆಸ್ತಿಯನ್ನು ಮರಳಿ ಕೊಡಿಸಿತು. ನನ್ನ ಮಿತ್ರರ ಬಳಿ ಅಂತಹ ಕಾಗದವಾವುದೂ ಇಲ್ಲ.

ಈ ವಿಚಾರವು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ದತ್ತಾಪ್ರದಾನಿಕವೆಂಬ ಪ್ರಕರಣವೇ ಇದೆ. ಕುಟುಂಬದ ಪೋಷಣೆಗೆ ಬಾಧೆಯಾಗದಂತೆ ದಾನಮಾಡಬೇಕೆಂಬುದು ಅಲ್ಲಿನ ಆಶಯ. ಆ ಕುಟುಂಬದಲ್ಲಿ ವೃದ್ಧೆಯಾದ ಪತ್ನಿಯೂ ಸೇರಿದವಳೇ.

ದಾನವು ಮರಳದಿದ್ದರೂ, ಆದಾಯ ಸಾಲದ ತಂದೆತಾಯಿಗಳು ಇದೇ ಶಾಸನದಂತೆ ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶವನ್ನು ಮಕ್ಕಳಿಂದ ಕೇಳಬಹುದು. ಅರ್ಜಿ ಕೊಡಿರೆಂದು ಮಿತ್ರರಿಗೆ ಹೇಳಿದೆನು. "ಮಗನ ಮೇಲೆ ದೂರು ಬರೆಯಲೇ, ಶಾಸ್ತ್ರಿಗಳೇ?" ಎಂದು ಅವರು ತಲೆ ತಗ್ಗಿಸಿದರು.

ಆದಕಾರಣ ಬದುಕಿರುವವರೆಗೆ ಮನೆಯನ್ನು ತಮ್ಮ ಹೆಸರಿನಲ್ಲಿಯೇ ಇಟ್ಟುಕೊಂಡು ಮರಣಶಾಸನವನ್ನು ಬರೆದಿಡುವುದು ಗೃಹಸ್ಥರಿಗೆ ಕ್ಷೇಮ. ಅದನ್ನು ಬೇಕಾದಾಗ ಬದಲಾಯಿಸಬಹುದು. ದಾನವನ್ನೇ ಮಾಡುವುದಾದರೆ ವಾಸ, ಅನ್ನ, ಔಷಧಗಳ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಿರಿ. ಯೋಗ್ಯನಾದ ಮಗನು ಅದಕ್ಕೆ ಬೇಸರಪಡನು. ಪ್ರೀತಿಯಿರುವ ದಿನ ಬರೆದ ಒಂದು ಸಾಲು, ಮುಂದೆ ದೂರು ಬರೆಯಬೇಕಾದ ದಿನವನ್ನು ತಪ್ಪಿಸೀತು. ಸಾಕ್ಷಿ ಹಾಕುವವರೂ ಪತ್ರವನ್ನು ಓದಿ, ಕೊರತೆ ಕಂಡರೆ ಬಾಯಿಬಿಟ್ಟು ಹೇಳಲಿ. ನಾನು ಓದಿಯೂ ಸುಮ್ಮನಿದ್ದೆನು.