ಒಂದು ಹೊಂಡ, ಮೂರು ಮೀನು



ನಮ್ಮ ತಿಳವಳ್ಳಿ ಸುತ್ತ ಕೆರೆಗಳು ಬಹಳ. ಹೊಲಗಳಲ್ಲಿ ಕೃಷಿ ಹೊಂಡಗಳೂ ಇವೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂತು. ಆಮೇಲೆ ರಾಜ್ಯದಲ್ಲಿ ಇಂಥ ಹೊಂಡಗಳು ಹೆಚ್ಚಾದವು. ಹೊಂಡದ ನೀರು ಬೆಳೆಗೆ ಬೇಕು. ಅದೇ ನೀರಿನಲ್ಲಿ ಮೀನನ್ನೂ ಸಾಕಬಹುದು.

ಆದರೆ ಯಾವ ಮೀನು ಬಿಡಬೇಕು? ಎಷ್ಟು ಬಿಡಬೇಕು? ಯಾವುದರ ಜೊತೆ ಯಾವುದು ಇರಬೇಕು? ಇದು ಗೊತ್ತಿಲ್ಲದಿದ್ದರೆ ಹಾಕಿದ ದುಡ್ಡು ನೀರಿನಲ್ಲಿ ಹೋಗುತ್ತದೆ.

ನನ್ನ ತಂಗಿಯ ಹೊಂಡ

ನನ್ನ ತಂಗಿಯ ಹೊಲದಲ್ಲಿ ನಾಲ್ಕು ಗುಂಟೆಯ ಹೊಂಡ ಇದೆ. ಅವಳು ಸಂಘದಲ್ಲಿ ಸಾಲ ತೆಗೆದಳು. ಮೋಟರ್ ಸೈಕಲ್ ಮೇಲೆ ಒಬ್ಬ ಮೀನಿನ ಮರಿ ತಂದ. "ಯಾವ ಮೀನಪ್ಪಾ?" ಎಂದು ಕೇಳಿದಳು. "ಎಲ್ಲಾ ಥರದ್ದೂ ಅದಾವ, ತಗೋರಿ" ಎಂದ. ಅವಳು 500 ಮರಿ ಕೊಂಡಳು. ಅವಳ ಮಗ ಕೆರೆಯಿಂದ ನಾಲ್ಕೈದು ಕೊರವ ಮೀನು ಹಿಡಿದು ತಂದ. ಅವನ್ನೂ ಅದೇ ಹೊಂಡಕ್ಕೆ ಬಿಟ್ಟ.

ಎಂಟು ತಿಂಗಳಾದ ಮೇಲೆ ಬಲೆ ಹಾಕಿಸಿದಳು. ಕೊರವ ತೊಡೆಗಾತ್ರ ಆಗಿದ್ದವು. ಉಳಿದ ಮೀನು ಒಂದು ಬುಟ್ಟಿಯೂ ತುಂಬಲಿಲ್ಲ. ಅವೂ ಬಡಕಲು.

"ಅಕ್ಕಾ, ಐದುನೂರು ಮರಿ ಎಲ್ಲಿ ಹೋದುವು?" ಎಂದು ಅತ್ತಳು.

"ಕೊರವನ ಹೊಟ್ಟ್ಯಾಗ ಹೋದುವು, ತಂಗಿ" ಎಂದೆ.

ಆ ಸಾಲವನ್ನು ಅವಳು ಕೂಲಿ ಮಾಡಿ ತೀರಿಸಿದಳು. ಅವಳು ಮಾಡಿದ ತಪ್ಪು ಮೂರು. ಮೀನಿನ ಹೆಸರು ತಿಳಿಯದೆ ಕೊಂಡಳು. ಹೆಚ್ಚು ಮರಿ ಬಿಟ್ಟಳು. ಮೀನು ತಿನ್ನುವ ಮೀನನ್ನು ಜೊತೆಗೆ ಬಿಟ್ಟಳು.

ಮೂರು ಅಂತಸ್ತಿನ ಮನೆ

ನಾವು ಹೊಲದಲ್ಲಿ ಜೋಳದ ಜೊತೆ ತೊಗರಿ ಅಕ್ಕಡಿ ಹಾಕುತ್ತೇವೆ. ಜೋಳದ ಬೇರು ಮೇಲೆ, ತೊಗರಿ ಬೇರು ಆಳಕ್ಕೆ. ಒಂದಕ್ಕೊಂದು ತಂಟೆ ಇಲ್ಲ. ಮೀನಿನ ಲೆಕ್ಕವೂ ಹೀಗೇ.

ಹೊಂಡ ಅಂದರೆ ಮೂರು ಅಂತಸ್ತಿನ ಮನೆ ಇದ್ದಂತೆ. ಮೇಲಿನ ನೀರು, ನಡುವಿನ ನೀರು, ತಳದ ನೀರು. ಒಂದೊಂದು ಅಂತಸ್ತಿಗೆ ಒಂದೊಂದು ಜಾತಿ ಬಿಡಬೇಕು.

ಕಾಟ್ಲಾ: ಇದರ ತಲೆ ದೊಡ್ಡದು. ಬಾಯಿ ಅಗಲ, ಮೇಲಕ್ಕೆ ತಿರುಗಿರುತ್ತದೆ. ಮೇಲಿನ ನೀರಿನ ಸಣ್ಣ ಹುಳಗಳನ್ನು ತಿನ್ನುತ್ತದೆ. ಮೇವು, ನೀರು ಚೆನ್ನಾಗಿದ್ದರೆ ವರ್ಷಕ್ಕೆ ಸುಮಾರು ಒಂದು ಕಿಲೋ ತೂಗುತ್ತದೆ.

ರೋಹು: ಇದರ ಹುರುಪೆ ತುಸು ಕೆಂಪು. ನಡುವಿನ ನೀರಿನಲ್ಲಿ ಮೇಯುತ್ತದೆ. ತಿನ್ನಲು ರುಚಿ.

ಮೃಗಾಲ್: ತಲೆ ಸಣ್ಣದು, ಮೈ ಬೆಳ್ಳಗೆ. ತಳದಲ್ಲಿ ಕೊಳೆತ ಎಲೆ, ಕಸ ತಿನ್ನುತ್ತದೆ. ಮೃಗಾಲ್ ಬದಲು ಸಾಮಾನ್ಯ ಗೆಂಡೆಯನ್ನೂ ಬಿಡಬಹುದು. ಗೆಂಡೆಗೆ ಬಾಯಿಯ ಹತ್ತಿರ ಸಣ್ಣ ಮೀಸೆ ಇರುತ್ತವೆ. ಅದು ಬೇಗ ಬೆಳೆಯುತ್ತದೆ. ನೀರು ಏಳೆಂಟು ತಿಂಗಳು ಮಾತ್ರ ನಿಲ್ಲುವ ಹೊಂಡಕ್ಕೆ ಒಳ್ಳೆಯದು. ಆದರೆ ಮಣ್ಣಿನ ಒಡ್ಡನ್ನು ಕೆದರುತ್ತದೆ.

ಈ ಮೀನುಗಳು ಒಂದನ್ನೊಂದು ತಿನ್ನುವುದಿಲ್ಲ. ಮೊದಲ ಸಲ ಸಾಕುವವರಿಗೆ ಇವು ಸಾಕು.

ಯಾವ ಮೀನು ಬೇಡ?

ಕೊರವ ಬೇಡ. ಬಾಳೆ ಮೀನು ಬೇಡ. ಇವು ಮರಿಗಳನ್ನು ನುಂಗುತ್ತವೆ. ಹೊಂಡದಲ್ಲಿ ಮೊದಲೇ ಇದ್ದರೆ, ಮರಿ ಬಿಡುವ ಮುಂಚೆ ಬಲೆ ಹಾಕಿ ತೆಗೆಸಿರಿ.

ಜಿಲೇಬಿ ಮೀನು ಬೇಡ. ಅದು ಹೊಂಡದಲ್ಲೇ ಮೇಲಿಂದ ಮೇಲೆ ಮರಿ ಮಾಡುತ್ತದೆ. ಹೊಂಡ ತುಂಬ ಸಣ್ಣ ಮೀನು ಆಗುತ್ತವೆ. ಯಾವುದಕ್ಕೂ ಮೇವು ಸಾಲುವುದಿಲ್ಲ.

ಆಫ್ರಿಕಾದ ಕ್ಯಾಟ್‌ಫಿಶ್ ಬೇಡವೇ ಬೇಡ. ಅದನ್ನು ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದೆ. ಮಳೆಗಾಲದಲ್ಲಿ ಅದು ಹೊಂಡದಿಂದ ಹಳ್ಳಕ್ಕೆ, ಕೆರೆಗೆ ಸೇರುತ್ತದೆ. ಅಲ್ಲಿರುವ ನಮ್ಮ ಮೀನುಗಳನ್ನು ತಿಂದು ಹಾಕುತ್ತದೆ.

ಎಷ್ಟು ಮರಿ?

33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ. ಒಂದು ಗುಂಟೆ ನೀರಿಗೆ 50 ಮರಿ ಸಾಕು. ನಾಲ್ಕು ಗುಂಟೆಗೆ 200 ಮರಿ.

ಕಾಟ್ಲಾ 80
ರೋಹು 60
ಮೃಗಾಲ್ ಅಥವಾ ಗೆಂಡೆ 60
ಒಟ್ಟು 200

"ಹೆಚ್ಚ ಬಿಟ್ಟರ ಹೆಚ್ಚ ಬರತಾವಲ್ರಿ, ಅಕ್ಕೋರ?" ಎಂದು ನೀವು ಕೇಳಬಹುದು. ಇಲ್ಲ. ಮೀನಿಗೂ ಉಸಿರು ಬೇಕು. ನೀರಿನಲ್ಲಿ ಕರಗಿದ ಗಾಳಿಯನ್ನೇ ಅದು ಉಸಿರಾಡುತ್ತದೆ. ಮೀನು ಹೆಚ್ಚಾದರೆ ಗಾಳಿ ಸಾಲದು. ಬೆಳಗಿನ ಜಾವ ಎಲ್ಲ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಆಗ ಸೆಗಣಿ, ಮೇವು ಹಾಕುವುದನ್ನು ನಿಲ್ಲಿಸಿರಿ. ಹೊಸ ನೀರು ಬಿಡಿರಿ. ಪಟ್ಟಣದಲ್ಲಿ ಗಾಜಿನ ತೊಟ್ಟಿಯಲ್ಲಿ ಅಂದದ ಮೀನು ಸಾಕುವವರಿಗೂ ಇದೇ ಮಾತು. ನೀರು ನೋಡಿ ಮೀನು ಬಿಡಬೇಕು.

ಮರಿ ತರುವಾಗ, ಬಿಡುವಾಗ

ಬೆರಳುದ್ದದ ಮರಿ ಕೊಳ್ಳಿರಿ. ತೀರ ಸಣ್ಣ ಮರಿ ಅಗ್ಗ ಸಿಗುತ್ತವೆ, ಆದರೆ ಬಹಳ ಸಾಯುತ್ತವೆ. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ. ಶಿವಮೊಗ್ಗ ಜಿಲ್ಲೆಯ ಬಿ.ಆರ್. ಪ್ರಾಜೆಕ್ಟಿನಲ್ಲಿ ಸರ್ಕಾರದ ಮೀನುಮರಿ ಕೇಂದ್ರ ಇದೆ.

ಮರಿ ತಂದ ಕೂಡಲೆ ಸುರಿಯಬೇಡಿರಿ. ಚೀಲವನ್ನು ಕಟ್ಟಿದಂತೆಯೇ ಹೊಂಡದ ನೀರಿನಲ್ಲಿ ಕಾಲು ತಾಸು ತೇಲಿಬಿಡಿರಿ. ಆಮೇಲೆ ಬಾಯಿ ಬಿಚ್ಚಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪ ಚೀಲಕ್ಕೆ ಹಾಕಿರಿ. ನಂತರ ಚೀಲ ಬಾಗಿಸಿರಿ. ಮರಿ ತಾವೇ ಈಜಿ ಹೋಗುತ್ತವೆ. ಈ ಕೆಲಸ ತಂಪು ಹೊತ್ತಿನಲ್ಲಿ ಮಾಡಿರಿ.

ದಿನಾ ಶೇಂಗಾ ಹಿಂಡಿ, ಅಕ್ಕಿ ತೌಡು ಸಮ ಸಮ ಕಲಸಿ ಉಂಡೆ ಮಾಡಿ ಕೊಡಿರಿ. ತಿಂದು ಉಳಿಸಿದರೆ ಮರುದಿನ ಕಡಿಮೆ ಹಾಕಿರಿ. ಉಳಿದ ಮೇವು ನೀರು ಕೆಡಿಸುತ್ತದೆ.

ಒಂದು ಮಾತು ಮರೆಯಬೇಡಿರಿ. ಪ್ಲಾಸ್ಟಿಕ್ ಹಾಸಿದ ಹೊಂಡದ ದಡ ಬಹಳ ಜಾರುತ್ತದೆ. ಬಿದ್ದವರಿಗೆ ಹತ್ತಿ ಬರಲು ಆಗುವುದಿಲ್ಲ. ಸುತ್ತ ಬೇಲಿ ಹಾಕಿಸಿರಿ. ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಿರಿ. ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿರಿ.

ಈಗ ನನ್ನ ತಂಗಿ

ನನ್ನ ತಂಗಿ ಅಕ್ಷರ ಕಲಿತಳು. ಮರುವರ್ಷ ಮರಿ ತರುವಾಗ ರಸೀದಿ ಕೇಳಿ ತೆಗೆದುಕೊಂಡಳು. ಕಾಟ್ಲಾ 80, ರೋಹು 60, ಗೆಂಡೆ 60 ಎಂದು ತಾನೇ ಓದಿದಳು. ಆಮೇಲೆ ದುಡ್ಡು ಕೊಟ್ಟಳು. ಈ ಸಲ ಬಲೆ ಎಳೆಯಲು ಇಬ್ಬರು ಸಾಲಲಿಲ್ಲ.

"ಅಕ್ಕಾ, ಮೊದಲ ಓದಾಕ ಬಂದಿದ್ದರ ಆ ಸಾಲ ನನ್ನ ಮ್ಯಾಲೆ ಬರತಿರಲಿಲ್ಲ" ಎನ್ನುತ್ತಾಳೆ.

ಯೋಚಿಸಿರಿ, ಉತ್ತರ ಬರೆಯಿರಿ

1. ತಳದ ನೀರಿನಲ್ಲಿ ಮೇಯುವ ಎರಡು ಮೀನು ಯಾವುವು?
2. ಕೊರವ ಮೀನನ್ನು ಜೊತೆಗೆ ಯಾಕೆ ಬಿಡಬಾರದು?
3. ಎರಡು ಗುಂಟೆ ಹೊಂಡಕ್ಕೆ ಎಷ್ಟು ಮರಿ ಬೇಕು? ಲೆಕ್ಕ ಮಾಡಿರಿ.